ಹಾರುವ ಪುಟ್ಟ ಹಕ್ಕಿಯ ಚಿತ್ರ ಏಕೆ ಕೆಡುತ್ತದೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಇಡೀ ಸಂಜೆ ನೀರಿನಂಚಿನಲ್ಲಿ ನಿಂತು ಕವಲುತೋಕೆ (ಸ್ವಾಲೋ) ಹಕ್ಕಿಗಳ ಹಿಂದೆ ಲೆನ್ಸ್ ಹೊರಳಿಸಿ, ಮನೆಗೆ ಬಂದು ನೋಡಿದರೆ 400 ಚಿತ್ರಗಳಲ್ಲಿ 300ರಲ್ಲಿ ಬರೀ ಆಕಾಶ. ಉಳಿದವುಗಳಲ್ಲಿ ಒಂದು ಬಾಲ, ಅರ್ಧ ರೆಕ್ಕೆ, ನೀಲಿಗಪ್ಪು ಬಣ್ಣದ ಮಸುಕು. ಪುಟ್ಟ ಹಕ್ಕಿಗಳ ಹಾರಾಟದ ಬೆನ್ನು ಹತ್ತಿದವರೆಲ್ಲ ಇಂಥ ಸಂಜೆಯನ್ನು ದಾಟಿ ಬಂದವರೇ. ಆಮೇಲೆ ನಾವು ಮಾಡುವ ತಪ್ಪುಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಕೆಟ್ಟ ಚಿತ್ರಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಹಾಕುತ್ತೇವೆ. ಮರುದಿನ ಕ್ಯಾಮೆರಾದ ಹತ್ತು ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಬದಲಿಸುತ್ತೇವೆ. ಅದೂ ಫಲಿಸದಿದ್ದರೆ ಲೆನ್ಸನ್ನು ದೂರುತ್ತೇವೆ.

ಕೆಟ್ಟ ಚಿತ್ರವೇ ಇಲ್ಲಿ ನಮಗಿರುವ ಸಾಕ್ಷಿ. ಅದನ್ನು ಓದಲು ಬಂದರೆ ದೋಷ ಕೈಯಲ್ಲಿದೆಯೋ, ಸೆಟ್ಟಿಂಗಿನಲ್ಲಿದೆಯೋ, ಗಾಳಿಯಲ್ಲಿದೆಯೋ, ಗಾಜಿನಲ್ಲಿದೆಯೋ ಎಂಬುದು ಬಹುಪಾಲು ಅಲ್ಲೇ ತಿಳಿಯುತ್ತದೆ. ಹಾಗಾಗಿ ಈ ಕೈಪಿಡಿಯನ್ನು ಚಿತ್ರದಲ್ಲಿ ಕಾಣುವ ಲಕ್ಷಣಗಳ ಪ್ರಕಾರ ಬರೆದಿದ್ದೇನೆ. ಪ್ರತಿ ಲಕ್ಷಣದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕನಿಷ್ಠ 50 ಚಿತ್ರ ತೆಗೆದು ನೋಡಿ, ನಂತರವೇ ಮುಂದಿನದಕ್ಕೆ ಹೋಗಿ.

ಕ್ಯಾಮೆರಾ ಎತ್ತುವ ಮೊದಲು

ಬಾನಾಡಿ (ಸ್ವಿಫ್ಟ್), ಕವಲುತೋಕೆಗಳು ಸೂರ್ಯನ ಪಕ್ಕದಲ್ಲೇ ಸುಳಿದು ಹೋಗುತ್ತವೆ. ಒಳಗಿನ ಕನ್ನಡಿಯಿಂದ ಲೆನ್ಸಿನ ನೋಟವನ್ನೇ ಕಣ್ಣಿಗೆ ತೋರಿಸುವ ಡಿಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ), ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಮೂಲಕ ಸೂರ್ಯನನ್ನು ಒಂದು ಕ್ಷಣ ನೋಡಿದರೂ ಕಣ್ಣಿಗೆ ಶಾಶ್ವತ ಹಾನಿಯಾಗಬಹುದು. ಆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ನಿಮ್ಮ ಕಣ್ಣು ನೋಡುವುದು ಒಂದು ಪುಟ್ಟ ಪರದೆಯನ್ನು, ಆದ್ದರಿಂದ ಕಣ್ಣು ಉಳಿಯುತ್ತದೆ. ಆದರೆ ಒಳಗೆ ಚಿತ್ರ ಹಿಡಿಯುವ ಸಂವೇದಕಕ್ಕೂ ಅದರ ಮುಂದೆ ತೆರೆದು ಮುಚ್ಚುವ ಶಟರ್ ಪರದೆಗೂ ಪೆಟ್ಟು ಬೀಳಬಹುದು. ಹಕ್ಕಿ ಸೂರ್ಯನತ್ತ ತಿರುಗಿತೆಂದರೆ ಬಿಟ್ಟುಬಿಡಿ, ಎಷ್ಟೇ ಚೆಂದದ ಭಂಗಿಯಿದ್ದರೂ ಸರಿ. ಕ್ಯಾಮೆರಾ ಕೆಳಗಿಡುವಾಗ ಮುಚ್ಚಳ ಹಾಕಿಯೇ ಇಡಿ. ಬಿಸಿಲಿಗೆ ಮುಖ ಮಾಡಿ ಬಿದ್ದಿರುವ ದೊಡ್ಡ ಲೆನ್ಸ್ ಭೂತಕನ್ನಡಿಯಂತೆ ಸುಡಬಲ್ಲದು.

ಇನ್ನೊಂದು ಎಚ್ಚರಿಕೆ ಕಾಲಿನದು. ಹಕ್ಕಿಯನ್ನು ಹಿಂಬಾಲಿಸುವಾಗ ಮೈ ತಿರುಗುತ್ತದೆ, ಕಾಲು ತಾನಾಗಿ ಒಂದೆರಡು ಹೆಜ್ಜೆ ಹಾಕುತ್ತದೆ, ಕಣ್ಣಿಗೆ ಮಾತ್ರ ನೆಲ ಕಾಣುವುದಿಲ್ಲ. ರಸ್ತೆಯಂಚು, ರೈಲುಹಳಿ, ಬಂಡೆಯ ತುದಿ, ಪಾಚಿಗಟ್ಟಿದ ಮೆಟ್ಟಿಲು ಈ ಕೆಲಸಕ್ಕೆ ತಕ್ಕ ಜಾಗಗಳಲ್ಲ. ನಿಂತ ಜಾಗದ ಸುತ್ತ ಮೂರು ಹೆಜ್ಜೆ ನಡೆದು ನೋಡಿ, ನಂತರ ಕಣ್ಣನ್ನು ವ್ಯೂಫೈಂಡರಿಗೆ ಕೊಡಿ.

ಕೆಟ್ಟ ಚಿತ್ರವನ್ನು ಓದುವುದು

ಚಿತ್ರವನ್ನು ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ, ಹಕ್ಕಿಯ ಕಣ್ಣನ್ನು ನೋಡಿ. ಕಪ್ಪು ಮಣಿಯಂಥ ಆ ಕಣ್ಣಿನಲ್ಲಿ ಸೂರ್ಯನ ಬೆಳಕು ಬಿದ್ದು ಒಂದು ಬಿಳಿ ಚುಕ್ಕಿ ಮೂಡಿರುತ್ತದೆ. ದೋಷ ಪತ್ತೆಗೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ. ಚುಕ್ಕಿ ಚುಕ್ಕಿಯಾಗಿಯೇ ಇದ್ದರೆ ಫೋಕಸ್ ಸರಿ, ಶಟರ್ ವೇಗವೂ (ಶಟರ್ ಎಷ್ಟು ಕಡಿಮೆ ಹೊತ್ತು ತೆರೆದಿತ್ತು ಎಂಬುದೂ) ಸರಿ. ಚುಕ್ಕಿ ಹಿಗ್ಗಿ ಮಂಕು ಬಿಲ್ಲೆಯಾಗಿದ್ದರೆ ಫೋಕಸ್ ತಪ್ಪಿದೆ. ಚುಕ್ಕಿ ಎಳೆದುಕೊಂಡು ಗೆರೆಯಾಗಿದ್ದರೆ ಹಕ್ಕಿಯೋ ನಿಮ್ಮ ಕೈಯೋ ಚಲಿಸಿದೆ.

ಗೆರೆ ಬಿದ್ದಿದ್ದರೆ ಹಿನ್ನೆಲೆಯನ್ನೂ ಗಮನಿಸಿ. ಹಕ್ಕಿಯ ಮೇಲೆ ಮಾತ್ರ ಗೆರೆಯಿದ್ದು ಹಿಂದಿನ ಎಲೆಗಳು ನಿಶ್ಚಲವಾಗಿದ್ದರೆ, ಕೈ ಹಕ್ಕಿಯ ಜೊತೆ ಸಾಗಿಲ್ಲ. ಹಿನ್ನೆಲೆಯೂ ಹಕ್ಕಿಯೂ ಒಂದೇ ದಿಕ್ಕಿಗೆ ಒಂದೇ ಉದ್ದ ಎಳೆದುಕೊಂಡಿದ್ದರೆ ಕ್ಯಾಮೆರಾ ಅಲುಗಿದೆ. ಹಕ್ಕಿ ಬಿಲ್ಲೆಬಿಲ್ಲೆಯಾಗಿ ಕರಗಿ, ಹಿಂದಿನ ಮರದ ತೊಗಟೆ ಎಣಿಸುವಷ್ಟು ಸ್ಪಷ್ಟವಿದ್ದರೆ ಫೋಕಸ್ ಅಲ್ಲಿಗೆ ಹೋಗಿ ಕುಳಿತಿದೆ. ಇಷ್ಟು ಗೊತ್ತಾದರೆ ಕೆಳಗಿನ ಯಾವ ಭಾಗ ನಿಮ್ಮದು ಎಂಬುದು ನಿಶ್ಚಯವಾಗುತ್ತದೆ.

ಲಕ್ಷಣ: ಚೌಕಟ್ಟಿನಲ್ಲಿ ಹಕ್ಕಿಯೇ ಇಲ್ಲ, ಇದ್ದರೆ ಬಾಲ ಮಾತ್ರ

ಇದಕ್ಕೆ ಕ್ಯಾಮೆರಾವನ್ನು ದೂರುವ ಮೊದಲು ಒಂದು ಲೆಕ್ಕ ಹಾಕಿ. ಪೂರ್ಣ ಚೌಕಟ್ಟಿನ (ಫುಲ್ ಫ್ರೇಮ್) ಸಂವೇದಕವಿರುವ ಕ್ಯಾಮೆರಾಕ್ಕೆ 500 ಮಿ.ಮೀ. ಲೆನ್ಸ್ ಹಾಕಿದರೆ, 10 ಮೀಟರ್ ದೂರದಲ್ಲಿ ಅದಕ್ಕೆ ಕಾಣುವ ಅಗಲ ಸುಮಾರು 72 ಸೆಂಟಿಮೀಟರ್. ಕವಲುತೋಕೆ ಸೆಕೆಂಡಿಗೆ ಸುಮಾರು 10 ಮೀಟರ್ ಸಾಗುತ್ತದೆ. ಅಂದರೆ ನೀವು ಅಲುಗದೆ ನಿಂತಿದ್ದರೆ ಅದು ಇಡೀ ಚೌಕಟ್ಟನ್ನು ದಾಟಲು ಬೇಕಾದದ್ದು ಸೆಕೆಂಡಿನ ನೂರರಲ್ಲಿ ಏಳು ಭಾಗ. ಹಕ್ಕಿಯನ್ನು ಕಂಡು ಬೆರಳು ಒತ್ತುವುದಕ್ಕೆ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಹಕ್ಕಿ ಎರಡು ಮೀಟರ್ ಆಚೆ ಇರುತ್ತದೆ. ಬರಿದಾದ ಚೌಕಟ್ಟು ನಿಮ್ಮ ಅಸಾಮರ್ಥ್ಯದ ಗುರುತಲ್ಲ, ಈ ಲೆಕ್ಕದ ಫಲ. ಲೆಕ್ಕವನ್ನೇ ಬದಲಿಸಬೇಕು.

ಎಲ್ಲಕ್ಕಿಂತ ಸುಲಭದ ಬದಲಾವಣೆ ದೂರದ್ದು. ಹತ್ತಿರ ಹೋದರೆ ಹಕ್ಕಿ ದೊಡ್ಡದಾಗಿ ಸಿಗುತ್ತದೆ ಎಂಬ ಆಸೆ ಇಲ್ಲಿ ಮೋಸ ಮಾಡುತ್ತದೆ. 20 ಮೀಟರ್ ದೂರಕ್ಕೆ ಸರಿದರೆ ಕಾಣುವ ಅಗಲ ಇಮ್ಮಡಿಯಾಗುತ್ತದೆ, ನಿಮ್ಮ ಕೈ ತಿರುಗಬೇಕಾದ ವೇಗ ಅರ್ಧವಾಗುತ್ತದೆ. ಲೆನ್ಸ್ ಜೂಮ್ ಆಗಿದ್ದರೆ 200 ಅಥವಾ 300 ಮಿ.ಮೀ.ನಲ್ಲಿ ಹಕ್ಕಿಯನ್ನು ಹಿಡಿದು, ಜೊತೆಯಲ್ಲಿ ಸಾಗುತ್ತಾ ಹಿಗ್ಗಿಸಿ. ನಾನು ಎರಡು ವಾರ 500 ಮಿ.ಮೀ.ಗೆ ಅಂಟಿಕೊಂಡು ಬರಿಗೈಯಲ್ಲಿ ಮರಳಿದ ಮೇಲೆ ಒಂದು ಸಂಜೆ 300 ಮಿ.ಮೀ. ಲೆನ್ಸ್ ಹಿಡಿದು ಹೋದೆ. ಅಂದು ನೀರು ಕುಡಿಯಲು ಇಳಿದ ಕವಲುತೋಕೆಯ ಕೆಳಗಿನ ಕೊಕ್ಕು ನೀರನ್ನು ಸೀಳಿ, ಹಿಂದೆ ಕೂದಲೆಳೆಯಷ್ಟು ತೆಳುವಾದ ಗೆರೆ ಬಿಡುತ್ತಿದ್ದದ್ದು ಚಿತ್ರದಲ್ಲಿ ಉಳಿಯಿತು. ಚಿತ್ರದ ಮುಕ್ಕಾಲು ಭಾಗವನ್ನು ಕತ್ತರಿಸಬೇಕಾಯಿತು, ನಿಜ. ಆದರೆ ಕತ್ತರಿಸಲು ಹಕ್ಕಿ ಇತ್ತು.

ಮುಂದಿನದು ಕ್ಯಾಮೆರಾ ಎತ್ತುವ ರೀತಿ. ಕ್ಯಾಮೆರಾಕ್ಕೆ ಕಣ್ಣಿಟ್ಟು ಆಕಾಶದಲ್ಲಿ ಹಕ್ಕಿಯನ್ನು ಹುಡುಕಬೇಡಿ. ಬರಿಗಣ್ಣಿನಿಂದ ಹಕ್ಕಿಯನ್ನು ನೋಡುತ್ತಲೇ, ಮುಖವನ್ನು ಅತ್ತ ಇಟ್ಟುಕೊಂಡೇ, ಕ್ಯಾಮೆರಾವನ್ನು ಕಣ್ಣಿಗೆ ತನ್ನಿ. ಎರಡೂ ಕಣ್ಣು ತೆರೆದಿರಲಿ. ಮನೆಯೊಳಗೆ ಗೋಡೆಯ ಮೇಲಿನ ಗಡಿಯಾರವನ್ನೋ ದೂರದ ಕಂಬದ ತುದಿಯನ್ನೋ ಗುರಿಯಿಟ್ಟು ದಿನಕ್ಕೆ ಇಪ್ಪತ್ತು ಸಲ ಹೀಗೆ ಎತ್ತಿ ಅಭ್ಯಾಸ ಮಾಡಿದರೆ, ಒಂದು ವಾರದಲ್ಲಿ ಗುರಿ ಚೌಕಟ್ಟಿನ ನಡುವೆ ಬಂದು ನಿಲ್ಲತೊಡಗುತ್ತದೆ. ಹಾಗೂ ಸಿಗದವರಿಗೆ ಕ್ಯಾಮೆರಾದ ಮೇಲೆ ಕೂರಿಸುವ ಕೆಂಪು ಚುಕ್ಕಿಯ ಗುರಿಗಾಜು ಇದೆ. ಅದು ಒಳ್ಳೆಯ ಸಾಧನ, ಆದರೆ ಅಭ್ಯಾಸಕ್ಕೆ ಬದಲಿಯಲ್ಲ.

ನಿಲ್ಲುವ ಭಂಗಿಯ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಬಟನ್ ಒತ್ತಬೇಕೆಂದಿರುವ ದಿಕ್ಕಿಗೆ ಪಾದಗಳನ್ನು ಇಟ್ಟುಕೊಳ್ಳಿ. ಸೊಂಟದಿಂದ ಮೇಲಿನ ಮೈಯನ್ನು ಹಕ್ಕಿ ಬರುವ ಕಡೆಗೆ ತಿರುಗಿಸಿ ಕಾಯಿರಿ. ಹಕ್ಕಿ ಬಂದಂತೆ ಮೈಯ ತಿರುಚು ಬಿಚ್ಚಿಕೊಳ್ಳುತ್ತಾ, ನಿಮಗೆ ಬೇಕಾದ ಜಾಗದಲ್ಲಿ ದೇಹ ಎಲ್ಲಕ್ಕಿಂತ ಸಡಿಲವಾಗಿರುತ್ತದೆ. ಇದಕ್ಕೆ ವಿರುದ್ಧವಾಗಿ ನಿಂತರೆ, ಚಿತ್ರ ತೆಗೆಯಬೇಕಾದ ಕ್ಷಣಕ್ಕೆ ಸರಿಯಾಗಿ ಸೊಂಟ ಬಿಗಿದು ಕೈ ತಡೆಯುತ್ತದೆ. ಬಾಲ ಮಾತ್ರ ಸಿಗುವುದಕ್ಕೆ ಇದೂ ಒಂದು ಕಾರಣ.

ಇಷ್ಟಾದರೂ ಸಿಗುತ್ತಿಲ್ಲವೆಂದರೆ ಒಂದು ದಿನ ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು ಹಕ್ಕಿಯನ್ನು ನೋಡಿ. ಗೊತ್ತುಗುರಿಯಿಲ್ಲದೆ ಸುತ್ತುವಂತೆ ಕಾಣುವ ಕವಲುತೋಕೆ ನೀರಿನ ಮೇಲೆ ಅದೇ ದಾರಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಕಳ್ಳಿಪೀರ ಹುಳ ಹಿಡಿದು ಬಹುತೇಕ ಹೊರಟ ಕೊಂಬೆಗೇ ಮರಳುತ್ತದೆ. ಕಪ್ಪುಬಿಳಿ ಮಿಂಚುಳ್ಳಿ ನೀರಿಗೆ ಧುಮುಕುವ ಮೊದಲು ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ಒಂದೆಡೆ ನಿಲ್ಲುತ್ತದೆ. ಕಲಿಯುವವರಿಗೆ ಅದಕ್ಕಿಂತ ಉದಾರ ಹಕ್ಕಿ ಸಿಗುವುದು ಕಷ್ಟ. ಗಾಳಿಯ ದಿಕ್ಕನ್ನೂ ಗಮನಿಸಿ. ಹಕ್ಕಿಗಳು ಗಾಳಿಗೆ ಎದುರಾಗಿ ಮೇಲೇಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಗಾಳಿಯೂ ಬೆಳಕೂ ನಿಮ್ಮ ಬೆನ್ನಿಗಿದ್ದರೆ ಹಕ್ಕಿ ನಿಮ್ಮತ್ತ ಮುಖ ಮಾಡಿ, ಎದುರುಗಾಳಿಯಿಂದ ವೇಗ ತಗ್ಗಿಸಿಕೊಂಡು ಬರುತ್ತದೆ. ಸೆಟ್ಟಿಂಗ್‌ಗಳೆಲ್ಲ ಸೇರಿ ಕೊಡುವುದಕ್ಕಿಂತ ಹೆಚ್ಚಿನದನ್ನು ಈ ಒಂದು ಅರಿವು ಕೊಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಕ್ಯಾಮೆರಾದ ಕಡೆಯಿಂದ ಇರಬಹುದಾದ ತೊಂದರೆ ಎರಡೇ. ಮಿರರ್‌ಲೆಸ್ ಕ್ಯಾಮೆರಾದ ವ್ಯೂಫೈಂಡರ್ ವಿದ್ಯುತ್ ಉಳಿಸಲು ಮಲಗಿರುತ್ತದೆ. ಎತ್ತುವಾಗಲೇ ಬಟನನ್ನು ಅರ್ಧ ಒತ್ತಿ ಎಬ್ಬಿಸಿಕೊಳ್ಳಿ, ಚಿತ್ರ ನವೀಕರಣದ ವೇಗವನ್ನು ಮೆನುವಿನಲ್ಲಿ ಹೆಚ್ಚಿನದಕ್ಕೆ ಇಡಿ. ಇನ್ನು ಕೊಂಬೆಯಿಂದ ಹಾರುವ ಕ್ಷಣವೇ ಪ್ರತಿ ಸಲ ತಪ್ಪುತ್ತಿದ್ದರೆ, ಬಟನ್ ಒತ್ತುವ ಮೊದಲಿನ ಕೆಲವು ಚಿತ್ರಗಳನ್ನೂ ಉಳಿಸಿಕೊಳ್ಳುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿ ಇದೆಯೇ ನೋಡಿ. ಒಲಿಂಪಸ್ ಇದನ್ನು 2016ರಲ್ಲಿ ಇ-ಎಂ1 ಮಾರ್ಕ್ 2 ಕ್ಯಾಮೆರಾದಲ್ಲಿ ಪ್ರೊ ಕ್ಯಾಪ್ಚರ್ ಎಂಬ ಹೆಸರಿನಲ್ಲಿ ತಂದಿತು. ಈಗ ಬೇರೆ ಕಂಪನಿಗಳ ಹಲವು ಕ್ಯಾಮೆರಾಗಳಲ್ಲೂ ಇದೆ. ಮನುಷ್ಯನ 0.2 ಸೆಕೆಂಡಿಗೆ ಇದು ನೇರ ಪರಿಹಾರ.

ಲಕ್ಷಣ: ಹಕ್ಕಿ ಇದೆ, ಫೋಕಸ್ ಹಿಂದಿನ ಮರದಲ್ಲಿದೆ

ಮೊದಲು ನೋಡಬೇಕಾದದ್ದು ಫೋಕಸ್ ಸ್ಥಿತಿ. ಒಮ್ಮೆ ಹಿಡಿದು ಅಲ್ಲೇ ನಿಲ್ಲುವ ಫೋಕಸ್ ಕುಳಿತ ಹಕ್ಕಿಗೆ ಸರಿ. ಹಾರುವ ಹಕ್ಕಿಗೆ ನಿರಂತರ ಫೋಕಸ್ ಬೇಕು. ಕೆಲವು ಕ್ಯಾಮೆರಾಗಳಲ್ಲಿ ಅದರ ಹೆಸರು ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೋ. ಮೆನು ತೆರೆದು ನೋಡಿದಾಗ ಇದು ತಪ್ಪಾಗಿ ಕೂತಿರುವುದು ಎಷ್ಟು ಸಾಮಾನ್ಯವೆಂದರೆ, ಯಾರಾದರೂ ಫೋಕಸ್ ತಪ್ಪುತ್ತಿದೆ ಎಂದರೆ ನಾನು ಮೊದಲು ಕೇಳುವ ಪ್ರಶ್ನೆಯೇ ಇದು.

ನಂತರದ್ದು ಹೆಚ್ಚಿನವರಿಗೆ ಹೊಳೆಯದ ಸಂಗತಿ. ಲೆನ್ಸಿನ ಫೋಕಸ್ ಎಲ್ಲೋ ದೂರದಲ್ಲಿ ನಿಂತಿದ್ದರೆ, ಹತ್ತಿರದ ಪುಟ್ಟ ಹಕ್ಕಿ ವ್ಯೂಫೈಂಡರಿನಲ್ಲಿ ಮಸುಕಾಗಿಯೂ ಕಾಣುವುದಿಲ್ಲ, ಪೂರ್ತಿ ಕರಗಿಹೋಗಿರುತ್ತದೆ. ಹಕ್ಕಿ ಚೌಕಟ್ಟಿನೊಳಗೇ ಇದ್ದರೂ ನಿಮಗೂ ಕಾಣದು, ಕ್ಯಾಮೆರಾಕ್ಕೂ ಕಾಣದು. ಕ್ಯಾಮೆರಾ ಆಗ ಸಿಕ್ಕಿದ್ದನ್ನು, ಅಂದರೆ ಹಿಂದಿನ ಮರವನ್ನು ಹಿಡಿಯುತ್ತದೆ. ಆದ್ದರಿಂದ ಹಕ್ಕಿ ಬರುವ ದೂರದಲ್ಲೇ ಇರುವ ಒಂದು ಕಲ್ಲಿನ ಮೇಲೋ ಜೊಂಡಿನ ಮೇಲೋ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಿ. ಪ್ರತಿ ಸಲ ತಪ್ಪಿದ ಮೇಲೂ ಮತ್ತೆ ಆ ಕಲ್ಲಿಗೆ ಮರಳಿ. ಲೆನ್ಸಿನ ಪಕ್ಕದಲ್ಲಿ ಫೋಕಸ್ ದೂರವನ್ನು ಮಿತಿಗೊಳಿಸುವ ಸ್ವಿಚ್ ಇದ್ದರೆ ಬಳಸಿ. ಹುಡುಕಾಟದ ಹಾದಿ ಚಿಕ್ಕದಾದಷ್ಟೂ ಲೆನ್ಸ್ ಬೇಗ ನಿಲ್ಲುತ್ತದೆ.

ಫೋಕಸ್ ವಲಯದ ಆಯ್ಕೆ ಹಿನ್ನೆಲೆಯನ್ನು ಅವಲಂಬಿಸಿದೆ. ಬರೀ ಆಕಾಶವಿದ್ದಲ್ಲಿ ಅಗಲ ವಲಯ ಇಡಿ, ಕ್ಯಾಮೆರಾಕ್ಕೆ ಹಿಡಿಯಲು ಬೇರೆ ಏನೂ ಇರುವುದಿಲ್ಲ. ಹಿಂದೆ ಪೊದೆ, ಮರ, ಅಲೆಯೆದ್ದ ನೀರು ಇದ್ದರೆ ಚಿಕ್ಕ ಗುಂಪಿನ ವಲಯಕ್ಕೆ ಇಳಿಯಿರಿ, ಮತ್ತು ಎದುರಿಗೆ ಬೇರೇನೋ ಅಡ್ಡ ಬಂದಾಗ ಫೋಕಸ್ ಎಷ್ಟು ಬೇಗ ಅದಕ್ಕೆ ಜಿಗಿಯಬೇಕೆಂಬ ಸೆಟ್ಟಿಂಗನ್ನು ನಿಧಾನದ ಕಡೆಗೆ ಸರಿಸಿ. ಹಕ್ಕಿಯ ಕಣ್ಣನ್ನು ಗುರುತಿಸುವ ಹೊಸ ಕ್ಯಾಮೆರಾಗಳು ನಿಜಕ್ಕೂ ನೆರವಾಗುತ್ತವೆ, ಆದರೆ ಚೌಕಟ್ಟಿನಲ್ಲಿ ಹಕ್ಕಿ ತೀರ ಚಿಕ್ಕದಾಗಿದ್ದರೆ ಅವೂ ಸೋಲುತ್ತವೆ. ಗುರುತಿನ ಚೌಕ ಎಲೆಯಿಂದ ಎಲೆಗೆ ಜಿಗಿಯುತ್ತಿರುವುದು ಕಂಡರೆ ಅದನ್ನು ನಿಲ್ಲಿಸಿ, ಸಾಧಾರಣ ವಲಯದಿಂದ ಪ್ರಯತ್ನಿಸಿ.

ಹಿನ್ನೆಲೆ ಮರವಲ್ಲ, ಹಕ್ಕಿಯ ಬಾಲ ಸ್ಪಷ್ಟವಾಗಿದ್ದು ಕಣ್ಣು ಮಾತ್ರ ಮಸುಕಾಗಿದ್ದರೆ ಸಮಸ್ಯೆ ಬೇರೆ. 500 ಮಿ.ಮೀ. ಲೆನ್ಸ್, ಎಫ್ 5.6 (ಬೆಳಕು ಒಳಬಿಡುವ ಕಿಂಡಿಯಾದ ಅಪರ್ಚರಿನ ಅಳತೆ, ಅಂಕಿ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು), 10 ಮೀಟರ್ ದೂರ: ಇಲ್ಲಿ ಸ್ಪಷ್ಟವಾಗಿ ಬರುವ ಆಳ ಒಟ್ಟು ಸುಮಾರು 13 ಸೆಂಟಿಮೀಟರ್. ಕವಲುತೋಕೆಯ ಬಿಚ್ಚಿದ ರೆಕ್ಕೆಗಳ ಅಗಲವೇ 30 ಸೆಂಟಿಮೀಟರಿಗಿಂತ ಹೆಚ್ಚು. ನೇರವಾಗಿ ನಿಮ್ಮತ್ತ ಬರುವ ಹಕ್ಕಿ ಆ 13 ಸೆಂಟಿಮೀಟರನ್ನು ಸೆಕೆಂಡಿನ 75ನೇ ಒಂದು ಭಾಗದಲ್ಲಿ ದಾಟುತ್ತದೆ. ಬೆಳಕು ಸಾಕಷ್ಟಿದ್ದರೆ ಎಫ್ 8ಕ್ಕೆ ಹೋಗಿ. ಅದಕ್ಕಿಂತ ಒಳ್ಳೆಯದು ದೂರ ಹೆಚ್ಚಿಸುವುದು, ಏಕೆಂದರೆ ದೂರ ಇಮ್ಮಡಿಯಾದರೆ ಈ ಆಳ ನಾಲ್ಕು ಪಟ್ಟಾಗುತ್ತದೆ. ಅಡ್ಡಲಾಗಿ ಹಾರುವ ಹಕ್ಕಿಯಿಂದ ಆರಂಭಿಸಿ, ಎದುರು ಬರುವುದನ್ನು ಆಮೇಲೆ ಹಿಡಿಯಿರಿ.

ಕೊಂಬೆಗೆ ಮರಳುವ ಕಳ್ಳಿಪೀರದಂಥ ಹಕ್ಕಿಗೆ ಸ್ವಯಂಚಾಲಿತ ಫೋಕಸನ್ನು ಬಿಟ್ಟೇಬಿಡಬಹುದು. ಅದು ಬರುವ ದಾರಿಗೆ ಅಡ್ಡಲಾಗಿ ನಿಂತು, ಕೊಂಬೆಯ ತುದಿಗೆ ಕೈಯಿಂದ ಫೋಕಸ್ ಮಾಡಿ, ಎಫ್ 8 ಇಟ್ಟು, ಹಕ್ಕಿ ಬರುವ ಬದಿಯಲ್ಲಿ ಚೌಕಟ್ಟಿನಲ್ಲಿ ಜಾಗ ಬಿಟ್ಟು ಕಾಯಿರಿ. ಟ್ರೈಪಾಡ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಲಕ್ಷಣ: ಫೋಕಸ್ ಸರಿಯಿದೆ, ಹಕ್ಕಿ ಎಳೆದಂತಾಗಿದೆ

ಶಟರ್ ವೇಗ ಹೆಚ್ಚಿಸಿ ಎಂಬುದು ಎಲ್ಲರೂ ಕೊಡುವ ಸಲಹೆ. ಅದು ಸರಿ, ಆದರೆ ಅರ್ಧ ಮಾತ್ರ. ಮೇಲಿನ 72 ಸೆಂಟಿಮೀಟರ್ ಅಗಲವನ್ನು 24 ಮೆಗಾಪಿಕ್ಸೆಲ್ ಸಂವೇದಕ ಸುಮಾರು 6000 ಬಿಂದುಗಳಲ್ಲಿ ಬರೆಯುತ್ತದೆ. 1/1000 ಸೆಕೆಂಡಿನಲ್ಲಿ ಹಕ್ಕಿ 1 ಸೆಂಟಿಮೀಟರ್ ಸಾಗುತ್ತದೆ, ಅಂದರೆ 80ಕ್ಕೂ ಹೆಚ್ಚು ಬಿಂದುಗಳಷ್ಟು. 1/4000ಕ್ಕೆ ಏರಿಸಿದರೂ 20 ಬಿಂದುಗಳಷ್ಟು ಎಳೆತ ಉಳಿಯುತ್ತದೆ. ಆ ಉಳಿಕೆಯನ್ನು ಕಳೆಯುವುದು ನಿಮ್ಮ ಕೈ. ಹಕ್ಕಿಯ ವೇಗಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಹೊಂದುವಂತೆ ಕೈ ತಿರುಗಿದರೆ 20 ಬಿಂದು ಎರಡಕ್ಕೆ ಇಳಿಯುತ್ತದೆ. ಹಕ್ಕಿ ಚೌಕಟ್ಟಿಗೆ ಬಂದ ತಕ್ಷಣ ಬಟನ್ ಒತ್ತಬೇಡಿ. ಒಂದು ಗಳಿಗೆ ಜೊತೆಯಲ್ಲಿ ಸಾಗಿ, ಆಮೇಲೆ ಒತ್ತಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಒತ್ತುವ ಕ್ಷಣದಲ್ಲಿ ಕೈ ನಿಂತುಬಿಡುವುದು ಈ ಲಕ್ಷಣದ ಅತಿ ಸಾಮಾನ್ಯ ಕಾರಣ.

ಶಟರ್ ವೇಗಕ್ಕೆ ನಾನು 1/3200 ಅನ್ನು ಆರಂಭದ ಅಂಕಿಯಾಗಿ ಇಟ್ಟುಕೊಳ್ಳುತ್ತೇನೆ. ನಿಚ್ಚಳ ಬಿಸಿಲಿನಲ್ಲಿ ಎಫ್ 5.6, ಐಎಸ್‌ಒ (ಸಂವೇದಕ ಬೆಳಕಿಗೆ ಸ್ಪಂದಿಸುವ ಮಟ್ಟ) 400ಕ್ಕೆ ಇದು ಸರಿಹೊಂದುತ್ತದೆ. ದಟ್ಟ ಮೋಡ ಕವಿದರೆ ಬೆಳಕು ಮೂರು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ಇಮ್ಮಡಿ) ಕುಸಿಯುತ್ತದೆ, ಅದೇ ವೇಗಕ್ಕೆ ಐಎಸ್‌ಒ 3200 ಬೇಕಾಗುತ್ತದೆ. ಏರಿಸಲು ಹಿಂಜರಿಯಬೇಡಿ. ಚಿತ್ರದಲ್ಲಿ ಮೂಡುವ ಕಾಳುಕಾಳನ್ನು ಆಮೇಲೆ ತಕ್ಕಮಟ್ಟಿಗೆ ಕಡಿಮೆ ಮಾಡಬಹುದು. ಎಳೆದುಕೊಂಡ ಕಣ್ಣನ್ನು ಯಾವ ತಂತ್ರಾಂಶವೂ ನಂಬುವ ಹಾಗೆ ಮರಳಿ ಕೊಡದು. ಕಣ್ಣು ಸ್ಪಷ್ಟವಿದ್ದು ರೆಕ್ಕೆಯ ತುದಿ ಮಾತ್ರ ಮಸುಕಾಗಿದ್ದರೆ ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ. ತುದಿ ಮೈಗಿಂತ ವೇಗವಾಗಿ ಚಲಿಸುತ್ತದೆ, ಆ ಮಸುಕಿನಲ್ಲಿ ಹಾರಾಟ ಇದೆ.

ಕಂಪನ ತಡೆಯುವ ವ್ಯವಸ್ಥೆಯನ್ನೂ ಒಮ್ಮೆ ಅನುಮಾನಿಸಿ. ಹಿಂಬಾಲಿಸುವಾಗ ವ್ಯೂಫೈಂಡರಿನಲ್ಲಿ ಹಕ್ಕಿ ತಡವರಿಸಿ ಜಿಗಿದಂತೆ ಕಂಡರೆ, ಅದು ನಿಮ್ಮ ತಿರುಗುವಿಕೆಯನ್ನೇ ನಡುಕವೆಂದು ತಿಳಿದು ತಡೆಯುತ್ತಿದೆ. ಹಿಂಬಾಲಿಸಲೆಂದೇ ಇರುವ ಸ್ಥಿತಿ ಲೆನ್ಸಿನಲ್ಲಿದ್ದರೆ ಅದಕ್ಕೆ ಬದಲಿಸಿ, ಇಲ್ಲವಾದರೆ ವ್ಯವಸ್ಥೆಯನ್ನೇ ಆಫ್ ಮಾಡಿ 50 ಚಿತ್ರ ತೆಗೆದು ಹೋಲಿಸಿ.

ಲಕ್ಷಣ: ಹಕ್ಕಿ ಕಪ್ಪು ನೆರಳಾಗಿದೆ

ಹೊಳೆಯುವ ಆಕಾಶವನ್ನು ಅಳೆದು ಕ್ಯಾಮೆರಾ ಇಡೀ ಚಿತ್ರವನ್ನು ಕತ್ತಲು ಮಾಡಿದೆ, ಅಷ್ಟೇ. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕಿನ ಮಟ್ಟವನ್ನು) ನೀಲಿ ಆಕಾಶಕ್ಕೆ 1, ಬಿಳಿ ಮೋಡಕ್ಕೆ 2 ಸ್ಟಾಪ್‌ವರೆಗೆ ಏರಿಸಿ ನೋಡಿ. ಹಕ್ಕಿ ಒಮ್ಮೆ ಆಕಾಶದ ಎದುರು, ಮರುಕ್ಷಣ ಮರದ ಎದುರು ಹಾರುತ್ತಿದ್ದರೆ ಈ ತಿದ್ದುಪಡಿ ಒಂದು ಕಡೆ ಹೊಂದಿ ಇನ್ನೊಂದು ಕಡೆ ಕೆಡುತ್ತದೆ. ಆಗ ಅದೇ ಬಿಸಿಲಿನಲ್ಲಿರುವ ಹಸಿರು ಹುಲ್ಲನ್ನು ಅಳೆದು, ಶಟರ್, ಅಪರ್ಚರ್, ಐಎಸ್‌ಒ ಮೂರನ್ನೂ ಕೈಯಿಂದಲೇ ಗೊತ್ತುಮಾಡಿ ಬಿಡಿ. ಹಿನ್ನೆಲೆ ಎಷ್ಟೇ ಬದಲಾದರೂ ಹಕ್ಕಿಯ ಮೇಲೆ ಬೀಳುವ ಬೆಳಕು ಬದಲಾಗಿಲ್ಲ. ಮೋಡ ಬಂದಾಗ ಮತ್ತೆ ಅಳೆಯಿರಿ. ಸೂರ್ಯ ಹಕ್ಕಿಯ ಹಿಂದಿದ್ದರೆ ಮಾತ್ರ ಯಾವ ಅಂಕಿಯೂ ನೆರವಾಗದು, ಜಾಗ ಬದಲಿಸಿ.

ಲಕ್ಷಣ: ರೆಕ್ಕೆ ರಬ್ಬರಿನಂತೆ ಬಾಗಿದೆ

ಎಲೆಕ್ಟ್ರಾನಿಕ್ ಶಟರಿನಲ್ಲಿ ಸಂವೇದಕ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ಜಾಗ ಬದಲಿಸಿರುತ್ತದೆ, ಹಿನ್ನೆಲೆಯ ಕಂಬಗಳೂ ವಾಲುತ್ತವೆ. ಯಾಂತ್ರಿಕ ಶಟರಿಗೆ ಮರಳಿದರೆ ಬಹುತೇಕ ಹೋಗುತ್ತದೆ. ಶಟರ್ ವೇಗ ಹೆಚ್ಚಿಸಿದರೆ ಹೋಗುವುದಿಲ್ಲ. ಬಾಗಿದ ರೆಕ್ಕೆಯೇ ಇನ್ನಷ್ಟು ಸ್ಪಷ್ಟವಾಗಿ ಬರುತ್ತದೆ.

ಲಕ್ಷಣ: ಹತ್ತಿರದ ಹಕ್ಕಿ ಸರಿ, ದೂರದ್ದೆಲ್ಲ ಮಸುಕು

ಲೆನ್ಸಿನ ಮೇಲೆ ಸುಳ್ಳು ಆರೋಪ ಬರುವುದು ಹೆಚ್ಚಾಗಿ ಈ ಲಕ್ಷಣದಿಂದ. ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಅತ್ತಿತ್ತ ಬಾಗಿಸುತ್ತದೆ. ಪರೀಕ್ಷೆ ಸರಳ: ಅದೇ ದೂರದಲ್ಲಿರುವ ಅಲುಗದ ವಸ್ತುವೊಂದನ್ನು, ಕಲ್ಲನ್ನೋ ಕಂಬವನ್ನೋ, ಟ್ರೈಪಾಡಿನ ಮೇಲಿಂದ ಹತ್ತು ಸಲ ತೆಗೆಯಿರಿ. ಹತ್ತೂ ಚಿತ್ರಗಳು ಒಂದೇ ತೆರನಾಗಿ ಮಸುಕಾಗಿದ್ದರೆ ಫೋಕಸ್ ಅಥವಾ ಗಾಜು. ಒಂದರಲ್ಲಿ ಅಂಚು ಚೂಪು, ಇನ್ನೊಂದರಲ್ಲಿ ಅದೇ ಅಂಚು ಅಲೆಯಲೆ, ಹೀಗೆ ಬದಲಾಗುತ್ತಿದ್ದರೆ ಅದು ಗಾಳಿ. ಅದಕ್ಕೆ ರಿಪೇರಿಯಿಲ್ಲ. ಬೆಳಗಿನ ತಂಪಿನಲ್ಲಿ ಬನ್ನಿ. ಡಾಂಬರು, ಮರಳು, ತಗಡಿನ ಮಾಡು ಇವುಗಳ ಮೇಲಿಂದ ಹಾಯುವ ನೋಟವನ್ನು ತಪ್ಪಿಸಿ. ಇಂಜಿನ್ ಬಿಸಿಯಿರುವ ಕಾರಿನ ಕಿಟಕಿಯಿಂದ ತೆಗೆಯಬೇಡಿ. ತಂಪು ಕೋಣೆಯಿಂದ ಬಿಸಿ ಹೊರಗಾಳಿಗೆ ತಂದ ಲೆನ್ಸನ್ನು ಚೀಲದಿಂದ ತೆಗೆಯುವ ಮೊದಲು ಅರ್ಧ ಗಂಟೆ ಹಾಗೇ ಬಿಡಿ, ಇಲ್ಲವಾದರೆ ಗಾಜಿನ ಮೇಲೆ ತೇವ ಕೂರುತ್ತದೆ.

ಲಕ್ಷಣ: ನಡುವೆಯೇ ಕ್ಯಾಮೆರಾ ನಿಂತುಹೋಗುತ್ತದೆ

ಒಂದು ಕಚ್ಚಾ (ರಾ) ಚಿತ್ರ 30 ಎಂಬಿ ಇದ್ದು ಸೆಕೆಂಡಿಗೆ 20 ತೆಗೆದರೆ 600 ಎಂಬಿ ಆಯಿತು. ವಿ30 ಎಂದು ಗುರುತಿರುವ ಕಾರ್ಡ್ ಸೆಕೆಂಡಿಗೆ ಖಾತ್ರಿಯಾಗಿ ಬರೆಯುವುದು 30 ಎಂಬಿ, ವಿ90 ಆದರೆ 90. ಉಳಿದದ್ದು ಕ್ಯಾಮೆರಾದ ಒಳನೆನಪಿನಲ್ಲಿ ಸಾಲುಗಟ್ಟಿ, ಅದು ತುಂಬಿದಾಗ ಎಲ್ಲವೂ ನಿಲ್ಲುತ್ತದೆ. ಬಟನ್ ಒತ್ತಿ ಹಿಡಿದುಕೊಳ್ಳುವುದನ್ನು ಬಿಟ್ಟು ಎಂಟು ಹತ್ತು ಚಿತ್ರಗಳ ತುಣುಕುಗಳಲ್ಲಿ ತೆಗೆಯಿರಿ. ಕಚ್ಚಾ ಮತ್ತು ಜೆಪೆಗ್ ಎರಡನ್ನೂ ಉಳಿಸುತ್ತಿದ್ದರೆ ಒಂದನ್ನು ಕೈಬಿಡಿ. ಹೊಸ ಕಾರ್ಡ್ ಕೊಳ್ಳುವುದು ಇವೆರಡರ ನಂತರ.

ಲಕ್ಷಣ: ಹಕ್ಕಿ ಚೀರುತ್ತಿದೆ, ಅಥವಾ ಕೊಕ್ಕಿನಲ್ಲಿ ಹುಳ ಹಿಡಿದು ಕಾಯುತ್ತಿದೆ

ಈ ಲಕ್ಷಣ ಚಿತ್ರದಲ್ಲಿ ಹುಡುಕುವಂಥದಲ್ಲ, ಎದುರಿಗೇ ಕಾಣುವಂಥದು. ಒಂದೇ ಸಮನೆ ಎಚ್ಚರಿಕೆಯ ಕೂಗು, ತಲೆಯ ಮೇಲೆ ಎರಗಿ ಬರುವುದು, ಬಾಯಿತುಂಬ ಹುಳವಿದ್ದರೂ ಗೂಡಿಗೆ ಹೋಗದೆ ತಂತಿಯ ಮೇಲೆ ಕುಳಿತು ನಿಮ್ಮತ್ತ ನೋಡುವುದು: ಇವೆಲ್ಲಕ್ಕೂ ಕಾರಣ ನೀವು ನಿಂತ ಜಾಗ. ನೀವು ಅಲ್ಲಿರುವಷ್ಟು ಹೊತ್ತು ಮರಿಗಳು ಹಸಿದಿರುತ್ತವೆ. ನಿಧಾನವಾಗಿ ಹಿಂದೆ ಸರಿಯಿರಿ. ಕೆಲವು ನಿಮಿಷಗಳಲ್ಲಿ ಹಕ್ಕಿ ಗೂಡಿಗೆ ಹೋಗದಿದ್ದರೆ ಅಂದಿನ ಕೆಲಸ ಮುಗಿಯಿತು. ಗೂಡಿನ ಸುತ್ತಲಿನ ರೆಂಬೆ ಕಡಿಯುವುದು, ಮೊಬೈಲಿನಲ್ಲಿ ಕೂಗು ಕೇಳಿಸಿ ಕರೆಯುವುದು, ಹಾರಲೆಂದು ಕಲ್ಲೆಸೆಯುವುದು ಯಾವ ಚಿತ್ರಕ್ಕಾಗಿಯೂ ಬೇಡ. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

ಲಕ್ಷಣ: ಕುಳಿತ ಹಕ್ಕಿಯೂ ಮಸುಕು

ಹಾರಾಟವೇ ಇಲ್ಲದಾಗಲೂ ಮಸುಕಾಗುತ್ತಿದ್ದರೆ ಮಾತ್ರ ಉಪಕರಣದ ಪರೀಕ್ಷೆಗೆ ಇಳಿಯಿರಿ. ವ್ಯೂಫೈಂಡರಿನಲ್ಲಿ ಮಾತ್ರ ಮಸುಕು, ಚಿತ್ರ ಸರಿ ಎಂದಾದರೆ ಕಣ್ಣಿನ ಪವರ್ ಹೊಂದಿಸುವ ಪುಟ್ಟ ಚಕ್ರ ಚೀಲದಲ್ಲಿ ತಿರುಗಿಹೋಗಿದೆ. ಒಳಗಿನ ಅಂಕಿಗಳು ಸ್ಪಷ್ಟವಾಗುವವರೆಗೆ ತಿರುಗಿಸಿ. ಲೆನ್ಸಿನ ಮುಂದಿನ ಅಗ್ಗದ ರಕ್ಷಣಾ ಫಿಲ್ಟರನ್ನು ಕಳಚಿ ಮತ್ತೆ ತೆಗೆದು ನೋಡಿ. ಕ್ಯಾಮೆರಾ ಆಫ್ ಮಾಡಿ, ಲೆನ್ಸ್ ಕಳಚಿ, ಲೆನ್ಸಿನ ಹಿಂಬದಿಯ ಲೋಹದ ಸಂಪರ್ಕ ಬಿಂದುಗಳನ್ನು ನೂಲು ಬಿಡದ ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ. ರಬ್ಬರಿನಿಂದ ಉಜ್ಜಬೇಡಿ, ಪುಡಿ ಒಳಗೆ ಸೇರುತ್ತದೆ.

ಡಿಎಸ್‌ಎಲ್‌ಆರ್ ಆಗಿದ್ದರೆ ಟ್ರೈಪಾಡಿನ ಮೇಲಿಟ್ಟು ಒಂದೇ ಗುರಿಯನ್ನು ವ್ಯೂಫೈಂಡರಿನಿಂದ ಹತ್ತು ಸಲ, ಹಿಂದಿನ ಪರದೆಯಿಂದ ಹತ್ತು ಸಲ ಫೋಕಸ್ ಮಾಡಿ ತೆಗೆಯಿರಿ. ಪರದೆಯಿಂದ ತೆಗೆದವು ಚೂಪಾಗಿದ್ದು ವ್ಯೂಫೈಂಡರಿನವು ಪ್ರತಿ ಸಲವೂ ಒಂದೇ ಕಡೆಗೆ ತಪ್ಪುತ್ತಿದ್ದರೆ, ಮೆನುವಿನ ಸೂಕ್ಷ್ಮ ಫೋಕಸ್ ಹೊಂದಾಣಿಕೆಯಿಂದ ನೀವೇ ಸರಿಪಡಿಸಬಹುದು. ಮಿರರ್‌ಲೆಸ್ ಕ್ಯಾಮೆರಾ ಸಂವೇದಕದಲ್ಲೇ ಫೋಕಸ್ ಅಳೆಯುವುದರಿಂದ ಅಲ್ಲಿ ಈ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ಇನ್ನೊಂದು ಪರೀಕ್ಷೆ: ಗೋಡೆಗೆ ಅಂಟಿಸಿದ ಮುದ್ರಿತ ಹಾಳೆಗಳ ಎದುರು ನೇರವಾಗಿ ನಿಂತು ತೆಗೆದು ನಾಲ್ಕೂ ಮೂಲೆ ಹೋಲಿಸಿ. ಒಂದು ಬದಿ ಮಾತ್ರ ಮಂಕಾಗಿದ್ದರೆ ಒಳಗಿನ ಗಾಜು ಸ್ಥಾನ ತಪ್ಪಿರಬಹುದು.

ಇಲ್ಲಿಗೆ ನಿಲ್ಲಿಸಿ. ಗಾಜು ಸ್ಥಾನ ತಪ್ಪಿದ್ದರೆ, ಬಿದ್ದ ಮೇಲೆ ಫೋಕಸ್ ಕೆಟ್ಟಿದ್ದರೆ, ಲೆನ್ಸಿನೊಳಗೆ ಉಜ್ಜಿದ ಸದ್ದು ಬಂದರೆ, ಟಾರ್ಚ್ ಬೆಳಕಿನಲ್ಲಿ ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟು ಕಂಡರೆ ಅದು ಸರ್ವೀಸ್ ಕೇಂದ್ರದ ಕೆಲಸ. ತಿರುಪು ಬಿಚ್ಚಲು ಹೋಗಬೇಡಿ. ಫ್ಲಾಶ್ ಇರುವ ಕ್ಯಾಮೆರಾದ ಒಳಗಿನ ಕೆಪಾಸಿಟರಿನಲ್ಲಿ ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಉಳಿದಿರಬಹುದು. ಹೋಗುವಾಗ ಕೆಟ್ಟ ಚಿತ್ರಗಳನ್ನು ತಿದ್ದದೆ, ಕತ್ತರಿಸದೆ, ಮೂಲ ಕಡತವಾಗಿಯೇ ಒಯ್ಯಿರಿ. ಜೊತೆಗೆ ಯಾವ ಪರೀಕ್ಷೆ ಮಾಡಿದಿರಿ, ಏನು ಕಂಡಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ದುರಸ್ತಿಯಾಗಿ ಬಂದ ಲೆನ್ಸನ್ನು ಅದೇ ಗೋಡೆಯ ಎದುರು, ಅದೇ ಹಾಳೆಗಳ ಮುಂದೆ ಮತ್ತೆ ನಿಲ್ಲಿಸಿ ನೋಡಿದ ಮೇಲೆಯೇ ಹಕ್ಕಿಗಳ ಕಡೆ ಹೊರಡಿ.